ವಾದ್ಯಗೋಷ್ಠಿಯಲ್ಲಿ ಹಾಸ್ಯ

ನವೆಂಬರ್ ತಿಂಗಳು ಬಂದಿತೆಂದರೆ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ರಾಜ್ಯೋತ್ಸವದ ವಾದ್ಯಗೋಷ್ಠಿಗಳಿಗೆ ಸುಗ್ಗಿ. ಶ್ರೋತೃಗಳಲ್ಲಿ ಅನೇಕರು ಅವನ್ನು ‘ಆರ್ಕೆಸ್ಟ್ರಾ’ ಎಂಬ ಹೆಸರಿನಿಂದಲೇ ಬಲ್ಲಿರಿ. ನಾಲ್ಕಾರು ಚಲಚ್ಚಿತ್ರಗೀತೆಗಳಾದ ತರುವಾಯ ಮಿಮಿಕ್ರಿ ಕಲಾವಿದರೊಬ್ಬರು ಬಂದು, ಹೆಸರಾಂತ ನಟರ ಕಂಠವನ್ನು ಅನುಕರಿಸಿ ಸಭೆಯನ್ನು ನಗಿಸುವರು. ಅಷ್ಟು ಹೊತ್ತೂ ಕೀಬೋರ್ಡಿನವರು, ತಬಲದವರು ಕೈಕಟ್ಟಿ ಕುಳಿತಿರಬೇಕು. ನಾದವೊಂದು ಕಡೆ, ನಗುವೊಂದು ಕಡೆ. ಈ ಅಗಲಿಕೆ ನಮ್ಮ ನಾಡಿನ ಹಳೆಯ ರೂಢಿಯಲ್ಲವೆಂಬುದೇ ನನ್ನ ವಾದ.

ಬಯಲುಸೀಮೆಯ ಮೂಡಲಪಾಯದಲ್ಲಿ ಕೋಡಂಗಿಯು ಭಾಗವತನೊಡನೆಯೇ ಮಾತಿಗೆ ನಿಲ್ಲುವನು. ಹಾಡುವಾತನೇ ಹಾಸ್ಯಕ್ಕೂ ಪಾಲುಗಾರ. ಕೈಲಾಸಂ ಅವರ ‘ಕೋಳೀಕೆ ರಂಗ’ ಇಂಗ್ಲಿಷ್ ಹಾಡೊಂದರ ಧಾಟಿಯನ್ನು ಹಿಡಿದು ಹೊರಟದ್ದು. ಧಾಟಿಯನ್ನು ಬಿಟ್ಟು ಮಾತನ್ನಷ್ಟೇ ಓದಿದರೆ ಅರ್ಧ ನಗು ಅಲ್ಲಿಯೇ ಉಳಿದುಹೋಗುವುದು.

ಪಾಶ್ಚಾತ್ಯರಲ್ಲಿ ಹೈಡನ್ ಎಂಬ ವಿದ್ವಾಂಸನಿದ್ದನು. ಎಸ್ಟರ್‌ಹಾಜಿ ರಾಜಕುಮಾರನ ಆಸ್ಥಾನದ ಸಂಗೀತಗಾರ. 1772ರಲ್ಲಿ ರಾಜಕುಮಾರನು ಬೇಸಗೆಯ ಅರಮನೆಯಿಂದ ಹೊರಡುವ ಮಾತನ್ನೇ ಎತ್ತಲಿಲ್ಲ. ವಾದ್ಯಗಾರರ ಹೆಂಡಿರು ಮಕ್ಕಳು ದೂರದ ಊರಿನಲ್ಲಿ. ಒಡೆಯನಿಗೆ ಹೇಳುವವರು ಯಾರು? ಹೈಡನ್ ಒಂದು ಸಿಂಫನಿಯನ್ನು ರಚಿಸಿದನು. ಅದರ ಕೊನೆಯಲ್ಲಿ ವಾದ್ಯಗಾರರು ಒಬ್ಬೊಬ್ಬರಾಗಿ ತಮ್ಮ ಪಾಲನ್ನು ಮುಗಿಸಿ, ಮೋಂಬತ್ತಿಯನ್ನು ಆರಿಸಿ, ಎದ್ದು ನಡೆದುಬಿಡುವರು. ಕಡೆಗೆ ಉಳಿಯುವುದು ಎರಡೇ ಪಿಟೀಲು. ರಾಜಕುಮಾರನು ಇಂಗಿತವನ್ನು ಅರಿತು, ಮರುದಿನವೇ ಪ್ರಯಾಣಕ್ಕೆ ಅಪ್ಪಣೆ ಕೊಟ್ಟನೆಂದು ಪ್ರತೀತಿ. ಅರ್ಜಿಯಿಂದ ಆಗದುದನ್ನು ನಗೆಯು ಸಾಧಿಸಿತು. ಅದೂ ಒಂದು ಅಪಸ್ವರವಿಲ್ಲದೆ!

ನಮ್ಮಲ್ಲಿ ಇದೇಕೆ ನಡೆಯದು? ಕಾರಣ ರಸಜ್ಞತೆಯ ಅಭಾವವಲ್ಲ, ಅಭ್ಯಾಸಕ್ಕೆ ಬಿಡುವಿಲ್ಲದಿರುವುದು. ಮಿಮಿಕ್ರಿಗೆ ಒಬ್ಬಾತನೂ ಒಂದು ಮೈಕೂ ಸಾಕು. ಹತ್ತು ವಾದ್ಯಗಳು ಕೂಡಿ ಒಂದು ಚೇಷ್ಟೆಯನ್ನು ಮಾಡಬೇಕಾದರೆ ತಾಳದ ಅರೆಮಾತ್ರೆಯೂ ತಪ್ಪುವಂತಿಲ್ಲ; ತಪ್ಪಿದರೆ ಅದು ಹಾಸ್ಯವಾಗದೆ ಹಾಸ್ಯಾಸ್ಪದವಾಗುವುದು. ರಾತ್ರಿಯೊಂದಕ್ಕೆ ಇಷ್ಟೆಂದು ಗೊತ್ತುಮಾಡಿದ ಸಂಭಾವನೆಯಲ್ಲಿ ಆ ಅಭ್ಯಾಸದ ದಿನಗಳಿಗೆ ಹಣ ಕೊಡುವವರಾರು? ಆದ್ದರಿಂದಲೇ ತೊದಲುವವನ ನಾಲಗೆ, ಗಾಯಕಿಯ ಮೈಕಟ್ಟು ಮೊದಲಾದ ಸುಲಭದ ಸರಕುಗಳು ವೇದಿಕೆಗೆ ಬರುತ್ತವೆ. ಅವಕ್ಕೆ ನಗುವವರಿದ್ದಾರೆ, ನಿಜ. ಪಾಪ, ಆ ಗಾಯಕಿಯು ನಕ್ಕಂತೆ ನಟಿಸಿ ಮುಂದಿನ ಹಾಡನ್ನು ಹಾಡಬೇಕಷ್ಟೆ.

ಸಂಘಟಕರು ಎರಡು ದಿನದ ಅಭ್ಯಾಸಕ್ಕೆ ಸಂಭಾವನೆ ಕೊಟ್ಟು ನೋಡಲಿ. ಕಾರ್ಮಿಕರೇ ಬಾರಿಸುವ ಗೋಷ್ಠಿಯಾದರೆ ಮತ್ತೂ ಸೊಗಸು. ಕಡೆಯ ಹಾಡಿನ ನಡುವೆ ಕೀಬೋರ್ಡು ಪಾಳಿಯ ಸೈರನ್ನಿನಂತೆ ಕೂಗಲಿ. ಒಬ್ಬೊಬ್ಬರೂ ಊಟದ ಡಬ್ಬಿಯನ್ನು ಕೈಗೆತ್ತಿಕೊಂಡು ರಾತ್ರಿಪಾಳಿಗೆ ಹೊರಟುಬಿಡಲಿ. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕುಳಿತ ಯಜಮಾನರೂ ನಗುವರು. ನಕ್ಕಾದ ಮೇಲೆ, ಆ ಖಾಲಿ ಕುರ್ಚಿಗಳನ್ನು ಒಂದು ಗಳಿಗೆ ನೋಡುವರು.