ಟೆಸ್ಟಿಗೆ ಮೊದಲು ಮಾತು ಕೇಳಿ!

ನಾನು ಪ್ರೆಸ್ಸಿನವನು, ಆಸ್ಪತ್ರೆ ಚೀಟಿ ಅಚ್ಚು ಹಾಕುತ್ತೇನೆ. ರಕ್ತ, ಎಕ್ಸ್‌ರೇ, ಸ್ಕ್ಯಾನಿಂಗ್ ಎಂದು ಟಿಕ್ ಹಾಕಲು ಸಾಲುಸಾಲು ಚೌಕ, ಎಲ್ಲ ಇಂಗ್ಲಿಷಿನಲ್ಲಿ. ರೋಗಿಯ ಮಾತು ಬರೆಯಲು ಒಂದು ಗೆರೆಯಿಲ್ಲ!

ಹುತ್ತೂರಿನ ರೈತ “ಟಮೋಟ ಬಾಕ್ಸು ಎತ್ತಿದ್ಮೇಲೆ ಸೊಂಟ ಹಿಡ್ಕೊಂಡೈತೆ ಸಾರ್” ಎನ್ನುತ್ತಾನೆ. ಅಪಾಯದ ಲಕ್ಷಣವಿಲ್ಲದ ಸೊಂಟನೋವಿಗೆ ಮೊದಲ ಆರು ವಾರ ಸ್ಕ್ಯಾನಿಂಗ್ ಬೇಡವೆಂದು ಅಮೆರಿಕದ ಕುಟುಂಬ ವೈದ್ಯರ ಸಂಘವೇ 2012ರಲ್ಲಿ ಸಾರಿತು. ಜ್ವರವಿದೆಯೇ, ಕಾಲು ಸೋಲುತ್ತಿದೆಯೇ, ಮೂತ್ರ ಕಟ್ಟಿದೆಯೇ? ಕೇಳಿಯೇ ತಿಳಿಯಬೇಕು. ಕನ್ನಡ ಬಾರದ ಡಾಕ್ಟರು ಏನು ಕೇಳಿಯಾರು? ಟಿಕ್ ಹಾಕುತ್ತಾರೆ! ಬಿಲ್ಲು ರೈತನಿಗೆ.

2019ರ ಎಂ.ಬಿ.ಬಿ.ಎಸ್. ಪಠ್ಯಕ್ರಮ ಆರಂಭದಲ್ಲೇ ಸ್ಥಳೀಯ ಭಾಷೆಯ ಪಾಠ ಸೇರಿಸಿತು. ಅಷ್ಟೇ ಸಾಲದು. ಟಮಕದಿಂದ ಬೆಂಗಳೂರಿನವರೆಗೆ ಪ್ರತಿ ವೈದ್ಯ ವಿದ್ಯಾರ್ಥಿ ಪರೀಕ್ಷೆಯಲ್ಲಿ ರೋಗಿಯನ್ನು ಕನ್ನಡದಲ್ಲೇ ವಿಚಾರಿಸಲಿ. ಯಾವ ಟೆಸ್ಟು ಬೇಡ, ಏಕೆ ಬೇಡ ಎಂಬುದಕ್ಕೂ ಅಂಕವಿರಲಿ.

ಅಲ್ಲಿಯವರೆಗೆ ನೀವೇ ಕೇಳಿ: “ಡಾಕ್ಟ್ರೇ, ಈ ಟೆಸ್ಟು ಮಾಡಿಸದಿದ್ದರೆ ಏನಾಗುತ್ತದೆ?”