ಪಾದ ಗಟ್ಟಿಯಾದರೆ ಮೊಣಕಾಲಿಗೆ ರಕ್ಷೆ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತನಾಡುತ್ತೇವೆ. ಇವತ್ತು ಸ್ವಲ್ಪ ಬೇರೆ ವಿಷಯ. ಆಟ ಆಡುವ ನಮ್ಮ ಹೆಣ್ಣುಮಕ್ಕಳ ಕಾಲಿನ ವಿಷಯ.

ನಮ್ಮ ಹುಡುಗಿಯರು ಈಗ ಕಬಡ್ಡಿ, ಖೋ ಖೋ, ಥ್ರೋಬಾಲ್, ಓಟ ಅಂತ ತಾಲೂಕು, ಜಿಲ್ಲಾ ಮಟ್ಟಕ್ಕೆ ಹೋಗ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳಾ ತಂಡವೇ ಗೆದ್ದಿತು. ಸಂತೋಷದ ಸಂಗತಿ ಅಲ್ವಾ? ಆದರೆ ಮೊಣಕಾಲು ತಿರುಚಿ ಒಳಗಿನ ಎಸಿಎಲ್ ಎಂಬ ಕಟ್ಟು ಹರಿದರೆ ಆಟ ತಿಂಗಳುಗಟ್ಟಲೆ ನಿಂತುಹೋಗುತ್ತದೆ. ಆಪರೇಷನ್ ಆದರೆ ಮತ್ತೆ ಮೈದಾನಕ್ಕೆ ಇಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಖರ್ಚು ಬೇರೆ. ಕೊನೆಗೆ ಮನೆಯವರು "ಇನ್ನು ಆಟ ಸಾಕು" ಅಂದುಬಿಡ್ತಾರೆ. ಹುಡುಗಿಯ ಆಸೆ ಅಲ್ಲಿಗೇ ಮುಗೀತು.

ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಎಷ್ಟೋ ಸಲ ಯಾರೂ ತಳ್ಳಿರುವುದಿಲ್ಲ. ಜಿಗಿದು ನೆಲಕ್ಕೆ ಇಳಿಯುವಾಗ, ಓಡುತ್ತಾ ತಟ್ಟನೆ ತಿರುಗುವಾಗ ತಾನಾಗಿಯೇ ಆಗುತ್ತದೆ.

ಮೊಣಕಾಲಿಗೂ ಪಾದಕ್ಕೂ ಏನು ಸಂಬಂಧ?

ಬುನಾದಿ ಸಡಿಲವಾದರೆ ಗೋಡೆ ಬಿರುಕು ಬಿಡುತ್ತದೆ. ಇದೂ ಹಾಗೆಯೇ. ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವು ಸೇರಿ ಪಾದದ ನಡುವೆ ಕಮಾನು ಆಗಿದೆ. ಆ ಕಮಾನನ್ನು ಎತ್ತಿಹಿಡಿಯುವುದರಲ್ಲಿ ಪಾದದೊಳಗಿನ ಸಣ್ಣ ಸಣ್ಣ ಸ್ನಾಯುಗಳ ಪಾಲು ದೊಡ್ಡದು. ಜಿಗಿದು ಇಳಿದಾಗ ಕಮಾನು ಸ್ವಲ್ಪ ಬಾಗಿ, ಪೆಟ್ಟನ್ನು ನುಂಗಿ, ಮತ್ತೆ ಮೇಲೇಳಬೇಕು. ಸ್ನಾಯುಗಳು ದುರ್ಬಲವಾಗಿದ್ದರೆ ಪಾದ ಒಳಗಡೆಗೆ ಅತಿಯಾಗಿ ವಾಲುತ್ತದೆ. ಅದರ ಜೊತೆಗೆ ಕೆಳಗಾಲಿನ ಮೂಳೆ ಒಳಕ್ಕೆ ತಿರುಗುತ್ತದೆ, ಮೊಣಕಾಲೂ ಒಳಕ್ಕೆ ಬೀಳುತ್ತದೆ. ಆಗ ಭಾರವೆಲ್ಲ ಆ ಕಟ್ಟಿನ ಮೇಲೆ.

ಬ್ರೆಜಿಲ್ ದೇಶದಲ್ಲಿ 118 ಮಂದಿ ಹವ್ಯಾಸಿ ಓಟಗಾರರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪಾದದ ವ್ಯಾಯಾಮ ಮಾಡದವರಿಗೆ ಓಟದ ಗಾಯ ಆಗುವ ಸಂಭವ, ಮಾಡಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಹಾಗಂತ ಪಾದ ಒಂದೇ ಸಾಲದು. ತೊಡೆ, ಸೊಂಟ ಗಟ್ಟಿಯಾಗಬೇಕು, ಸರಿಯಾಗಿ ಇಳಿಯುವುದನ್ನೂ ಕಲಿಯಬೇಕು. ನಾರ್ವೆಯಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ ಹುಡುಗಿಯರಿಗೆ ಆಟಕ್ಕೆ ಮುಂಚೆ ಇಂಥ 20 ನಿಮಿಷದ ಅಭ್ಯಾಸ ಮಾಡಿಸಿದಾಗ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಇದು 2008ರಲ್ಲಿ ಪ್ರಕಟವಾದ ಮಾತು.

ಮನೆಯಲ್ಲಿ ಏನು ಮಾಡಬಹುದು?

ದುಡ್ಡು ಬೇಡ, ಯಂತ್ರ ಬೇಡ. ಬರಿಗಾಲು ಸಾಕು.

1. ಪಾದವನ್ನು ನೆಲಕ್ಕೆ ಊರಿ, ಬೆರಳು ಮಡಚದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆಯಬೇಕು. ನಡುಪಾದ ಮೇಲೇಳುತ್ತದೆ. ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ.

2. ನೆಲದ ಮೇಲೆ ಹಾಸಿದ ಟವೆಲ್ಲನ್ನು ಕಾಲ್ಬೆರಳಿನಿಂದ ಮುದುರಿ ಎಳೆಯುವುದು.

3. ಗೋಡೆ ಹಿಡಿದು ಹಿಮ್ಮಡಿ ಎತ್ತಿ, ನಿಧಾನ ಇಳಿಸುವುದು. ಹದಿನೈದು ಸಲ.

4. ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು.

5. ಸಣ್ಣಗೆ ಜಿಗಿದು, ಸದ್ದಾಗದಂತೆ, ಮೊಣಕಾಲು ಬಾಗಿಸಿ ಇಳಿಯುವುದು. ಮೊಣಕಾಲು ಪಾದದ ಬೆರಳುಗಳ ನೇರಕ್ಕೇ ಇರಬೇಕು, ಒಳಕ್ಕೆ ಬೀಳಬಾರದು. ಇದನ್ನು ಎದುರಿಗೆ ನಿಂತು ನೋಡುವ ಕೆಲಸ ತಾಯಿಯದು!

ವಾರದಲ್ಲಿ ಮೂರು ದಿನ, ಹತ್ತು ನಿಮಿಷ ಸಾಕು. ಎರಡು ವಾರ ಮಾಡಿ ಬಿಟ್ಟರೆ ಫಲವಿಲ್ಲ. ಎರಡು ತಿಂಗಳಾದರೂ ಬೇಕು, ಆಟ ಇರುವವರೆಗೂ ಮುಂದುವರಿಸಬೇಕು. ನೋವಾದರೆ ನಿಲ್ಲಿಸಿ. ಮಗಳದು ಚಪ್ಪಟೆ ಪಾದ ಅಂತ ಸುಮ್ನೆ ಹೆದರಬೇಡಿ. ನೋವಿಲ್ಲದಿದ್ದರೆ ಅದು ರೋಗವಲ್ಲ.

ಪೆಟ್ಟಾದರೆ?

ಮೊಣಕಾಲಲ್ಲಿ 'ಟಕ್' ಅಂತ ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಕಾಲು ಊರಿದಾಗ ಜಾರಿದಂತಾದರೆ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರಕ್ಕಿಡಿ. ಎಳೆಸುವುದು, ಬಿಗಿಯಾಗಿ ತಿಕ್ಕಿಸುವುದು ಖಂಡಿತ ಬೇಡ. ಮೂಳೆ ವೈದ್ಯರಿಗೆ ತೋರಿಸಿ. ಊತ ಇಳಿದ ಮಾತ್ರಕ್ಕೆ ಗುಣವಾಯಿತು ಅಂದುಕೊಳ್ಳಬೇಡಿ. ಹರಿದ ಕಟ್ಟಿನ ಮೇಲೆಯೇ ಆಡಿದರೆ ಮೊಣಕಾಲಿನ ಒಳಗಿನ ಮೆತ್ತೆಯೂ ಹಾಳಾಗುತ್ತದೆ.

ಸಹೋದರಿಯರೇ, ಇದನ್ನು ಒಬ್ಬಳೇ ಮಾಡುವುದು ಕಷ್ಟ, ಸಂಘವಾಗಿ ಸುಲಭ. ಮುಂದಿನ ಸಭೆಗೆ ಆಟ ಆಡುವ ಮಕ್ಕಳನ್ನೂ ಕರೆತನ್ನಿ, ಕೂಡಿ ಮಾಡಿ ನೋಡೋಣ. ಪ್ರತಿ ಸಂಘದಿಂದ ಇಬ್ಬರು ಶಾಲೆಗೆ ಹೋಗಿ ಪಿ.ಟಿ. ಮಾಸ್ತರರ ಹತ್ತಿರ ಮಾತಾಡೋಣ: "ಆಟಕ್ಕೆ ಮುಂಚೆ ಇದನ್ನು ಮಾಡಿಸಿ ಸಾರ್" ಅಂತ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಉಳಿತಾಯದಲ್ಲಿ ನಮಗೆ ಗೊತ್ತಿದೆ. ಕಾಲಿನ ಬಲವೂ ಹಾಗೆಯೇ ಕೂಡುವಂಥದ್ದು.