ಇಪ್ಪತ್ತು ವರ್ಷಕ್ಕೊಂದು ಹೊಸ ಗುಡಿ

1300 ವರ್ಷದ ಪರಂಪರೆಯ ದೇವಸ್ಥಾನ, ಆದರೆ ಕಂಬಗಳು ಮಾತ್ರ ಮೊನ್ನೆ ಮೊನ್ನೆಯವು! ಜಪಾನಿನ ಇಸೆ ಕ್ಷೇತ್ರದ ಕಥೆ ಇದು. ಒಳಗುಡಿಯಲ್ಲಿ ಸೂರ್ಯದೇವತೆ ಅಮತೆರಾಸು, ಹೊರಗುಡಿಯಲ್ಲಿ ಆಕೆಯ ಅನ್ನ ನೋಡಿಕೊಳ್ಳುವ ತೊಯೊಉಕೆ. ಶಿಂಟೋ ಪಂಥದವರಿಗೆ ಇದಕ್ಕಿಂತ ದೊಡ್ಡ ಕ್ಷೇತ್ರ ಇಲ್ಲ.

20 ವರ್ಷಕ್ಕೊಮ್ಮೆ ಇಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಅದೇ ಅಳತೆಯ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ. ರಾತ್ರಿಯ ಕತ್ತಲಲ್ಲಿ ದೇವರನ್ನು ಅಲ್ಲಿಗೆ ಕರೆದೊಯ್ದು, ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಮೊದಲು ನಡೆದದ್ದು 690ರಲ್ಲಿ, ಜಿತೋ ಸಾಮ್ರಾಜ್ಞಿಯ ಕಾಲಕ್ಕೆ. 2013ರದ್ದು 62ನೆಯದು. ಮುಂದಿನದು 2033ಕ್ಕೆ.

ಗಟ್ಟಿಯಾಗಿ ಒಂದೇ ಸಲ ಕಟ್ಟಿಬಿಡಬಾರದಾ? ಇಂಜಿನಿಯರಿಂಗ್ ಓದಿದ ನನಗೂ ಮೊದಲು ಬಂದ ಪ್ರಶ್ನೆ ಇದೇ. ಇಸೆಯ ಕಂಬಗಳನ್ನು ನೇರ ಮಣ್ಣಲ್ಲಿ ಹೂಳುತ್ತಾರೆ, ಮೇಲೆ ಹುಲ್ಲಿನ ಮಾಡು. ತೇವಕ್ಕೆ ಬುಡ ಕೊಳೆಯಲೇಬೇಕು. ಹಾಗಂತ ಅವರಿಗೆ ವಿದ್ಯೆ ಗೊತ್ತಿರಲಿಲ್ಲವಾ? ನಾರಾ ಸೀಮೆಯ ಹೊರ್ಯೂಜಿ ಬೌದ್ಧ ಮಂದಿರವೂ ಮರದ್ದೇ. ಕಲ್ಲಿನ ಮೇಲೆ ಕಂಬ ನಿಲ್ಲಿಸಿದ್ದಕ್ಕೆ 1300 ವರ್ಷದಿಂದ ನಿಂತೇ ಇದೆ!

ಇಸೆಯವರು ಉಳಿಸಿಕೊಂಡಿದ್ದು ಮರವನ್ನಲ್ಲ, ಕೈಕೆಲಸವನ್ನು ಅಂತ ನನಗನಿಸುತ್ತದೆ. ಇಪ್ಪತ್ತರಲ್ಲಿ ಹಲಗೆ ಹೊತ್ತ ಹುಡುಗ ನಲವತ್ತಕ್ಕೆ ಮೇಸ್ತ್ರಿ ಆಗುತ್ತಾನೆ, ಅರವತ್ತಕ್ಕೆ ಪಕ್ಕದಲ್ಲಿ ನಿಂತು ಹೊಸಬರನ್ನು ಬೈಯುತ್ತಾನೆ. ಬಡಗಿಗಳಷ್ಟೇ ಅಲ್ಲ. ಕತ್ತಿ, ಕನ್ನಡಿ, ನೇಯ್ದ ಬಟ್ಟೆ ಅಂತ 714 ಬಗೆಯ 1576 ವಸ್ತುಗಳನ್ನೂ ಪ್ರತಿ ಸಲ ಹೊಸದಾಗಿ ಮಾಡಬೇಕು.

ಈ ಸರಪಳಿ ಒಮ್ಮೆ ಕಡಿದಿತ್ತು. 15ನೇ ಶತಮಾನದ ಒಳಜಗಳಗಳಲ್ಲಿ 120 ವರ್ಷಕ್ಕೂ ಹೆಚ್ಚು ಕಾಲ ಹೊಸ ಗುಡಿ ಏಳಲೇ ಇಲ್ಲ. ಕೊನೆಗೆ ಊರೂರು ತಿರುಗಿ ಕಾಣಿಕೆ ಎತ್ತಿ, 1563ರಲ್ಲಿ ಹೊರಗುಡಿ ಏಳುವಂತೆ ಮಾಡಿದವಳು ಸೇಜುನ್. ಯಾರು ಗೊತ್ತಾ? ಬೌದ್ಧ ಸನ್ಯಾಸಿನಿ! ಇಂಥದ್ದನ್ನು ಹೇಳಿದರೆ ನಮ್ಮ ಸ್ಟುಡಿಯೋ ಚರ್ಚೆಗಳಲ್ಲಿ ಕಿರುಚಾಡಲು ಏನೂ ಉಳಿಯುವುದಿಲ್ಲ ಬಿಡಿ. ಎರಡನೇ ಮಹಾಯುದ್ಧ ಸೋತ ಮೇಲೆ ಸರ್ಕಾರದ ದುಡ್ಡೂ ನಿಂತಿತು. 1949ಕ್ಕೆ ಆಗಬೇಕಿದ್ದದ್ದು 1953ಕ್ಕೆ ಆಯಿತು, ಜನರ ದೇಣಿಗೆಯಿಂದ.

ಇದಕ್ಕೆ ಬೇಕಾದ ಹಿನೋಕಿ ಮರಕ್ಕಾಗಿ 1923ರಲ್ಲಿ ದೇಗುಲದವರು 200 ವರ್ಷದ ಕಾಡಿನ ಯೋಜನೆಯನ್ನೇ ಹಾಕಿಕೊಂಡರು. ನಮ್ಮಲ್ಲಿ ಯೋಜನೆ ಅಂದರೆ ಮುಂದಿನ ಚುನಾವಣೆವರೆಗೆ.

ಬಿಚ್ಚಿದ ಮರವನ್ನೂ ಎಸೆಯುವುದಿಲ್ಲ. ದೊಡ್ಡ ಕಂಬಗಳು ಉಜಿ ಸೇತುವೆಯ ಹೆಬ್ಬಾಗಿಲಾಗಿ ಇನ್ನೊಂದು 20 ವರ್ಷ ನಿಲ್ಲುತ್ತವೆ, ಆಮೇಲೆ ಬೇರೆ ಊರಿಗೆ ಹೋಗುತ್ತವೆ. 1995ರ ಭೂಕಂಪಕ್ಕೆ ತುತ್ತಾದ ಕೋಬೆಯ ಇಕುತಾ ದೇಗುಲದ ಮುಂದೆ ಈಗ ನಿಂತಿರುವ ಬಾಗಿಲು, ಇಸೆಯ ಹಳೆಯ ಕಂಬಗಳದ್ದೇ.